ಶಸ್ತ್ರವೈದ್ಯರ ಕೈಗೆ ಸ್ಪರ್ಶ ಮರಳಿಸುವ ಗಾಜಿನ ಎಳೆ

ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ಉಪಕರಣ ತೂರಿಸಿ ನಡೆಸುವ ಶಸ್ತ್ರಚಿಕಿತ್ಸೆ ಈಗ ಅಪರೂಪವಲ್ಲ. ರೋಗಿಗೆ ನೋವು ಕಡಿಮೆ, ಗಾಯ ಮಾಯುವುದೂ ಬೇಗ. ಆದರೆ ಈ ಅನುಕೂಲಕ್ಕಾಗಿ ವೈದ್ಯರು ಕಳೆದುಕೊಂಡದ್ದು ಸ್ಪರ್ಶಜ್ಞಾನವನ್ನು. ಮೊದಲು ಬೆರಳಿನಿಂದಲೇ ಗಡ್ಡೆಯ ಗಡಸುತನವನ್ನೂ ರಕ್ತನಾಳದ ಮಿಡಿತವನ್ನೂ ಅರಿಯುತ್ತಿದ್ದವರಿಗೆ ಈಗ ಸಿಗುವುದು ಉದ್ದನೆಯ ಕಡ್ಡಿಯ ಹಿಡಿ ಮಾತ್ರ. ಕಡ್ಡಿ ಹಾದುಹೋಗುವ ಕೊಳವೆಯ ಘರ್ಷಣೆಯೂ ಬೆರೆಯುವುದರಿಂದ, ತುದಿಯಲ್ಲಿ ಅಂಗಾಂಶದ ಮೇಲೆ ಬೀಳುತ್ತಿರುವ ಬಲವೆಷ್ಟೆಂದು ಕೈಗೆ ತಿಳಿಯದು.

ರೋಬಾಟ್ ಬಂದ ಮೇಲೂ ಈ ಕೊರತೆ ನೀಗಲಿಲ್ಲ. 2000ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 'ಡಾ ವಿಂಚಿ' ಯಂತ್ರದಲ್ಲಿ, ಅಂಗಾಂಶ ಎಷ್ಟು ತಗ್ಗಿತೆಂದು ಪರದೆಯ ಮೇಲೆ ನೋಡಿಯೇ ಬಲವನ್ನು ಊಹಿಸಬೇಕಿತ್ತು. ಬಲದ ಅನುಭವ ನೀಡುವ ಉಪಕರಣಗಳು ಅದಕ್ಕೆ ದೊರೆತದ್ದು 2024ರಲ್ಲಿ ಅನುಮತಿ ಪಡೆದ ಐದನೇ ಪೀಳಿಗೆಯಲ್ಲಿ.

ಕಣ್ಣಿನ ಅಕ್ಷಿಪಟಲದ ಚಿಕಿತ್ಸೆಯಲ್ಲಂತೂ ಬಲ ತೀರಾ ಸೂಕ್ಷ್ಮ. 1999ರ ಅಧ್ಯಯನವೊಂದರಲ್ಲಿ ದಾಖಲಾದ ಬಲಗಳ ಪೈಕಿ ಮುಕ್ಕಾಲು ಪಾಲು 7.5 ಮಿಲಿನ್ಯೂಟನ್‌ಗಿಂತ, ಅಂದರೆ ಸುಮಾರು ಮುಕ್ಕಾಲು ಗ್ರಾಂ ತೂಕಕ್ಕಿಂತ ಕಡಿಮೆ. ಇಷ್ಟು ಮೃದುವಾದ ಸ್ಪರ್ಶಗಳಲ್ಲಿ ವೈದ್ಯರ ಕೈಗೆ ಗೊತ್ತಾದದ್ದು ಐದನೇ ಒಂದು ಭಾಗವೂ ಅಲ್ಲ!

ಬಲವನ್ನು ಉಪಕರಣದ ತುದಿಯಲ್ಲೇ ಅಳೆಯುವುದು ಇದಕ್ಕೆ ಪರಿಹಾರ. ವಿದ್ಯುತ್ ಸಂವೇದಕಗಳಿಗೆ ಲೋಹದ ತಂತಿ ಬೇಕು, ಎಂ.ಆರ್.ಐ. ಯಂತ್ರದೊಳಗೆ ಅದು ತೊಡಕು, ವಿದ್ಯುತ್ತಿನಿಂದ ಅಂಗಾಂಶ ಸುಡುವ ಉಪಕರಣದ ಪಕ್ಕದಲ್ಲೂ ತೊಡಕು. ದೂರವಾಣಿ ಜಾಲದಲ್ಲಿ ಬಳಸುವ ಆಪ್ಟಿಕಲ್ ಫೈಬರ್‌ಗೆ ಈ ಬಾಧೆಯಿಲ್ಲ. ಗಾಜಿನ ಈ ಎಳೆಯ ದಪ್ಪ ಮಿಲಿಮೀಟರಿನ ಎಂಟನೇ ಒಂದು ಭಾಗ ಮಾತ್ರ.

ಇದರ ಮೂಲತತ್ತ್ವ 1978ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಕೆನೆತ್ ಹಿಲ್ ಮತ್ತು ಸಂಗಡಿಗರಿಗೆ ಗೋಚರಿಸಿತು. ಪ್ರಬಲ ಬೆಳಕಿನಿಂದ ಎಳೆಯ ಒಳತಿರುಳಿನಲ್ಲಿ ಸಮ ಅಂತರದ ಸೂಕ್ಷ್ಮ ಪಟ್ಟೆಗಳನ್ನು ಮೂಡಿಸಬಹುದು. 'ಬ್ರ್ಯಾಗ್ ಗ್ರೇಟಿಂಗ್' ಎಂದು ಕರೆಯಲಾಗುವ ಈ ಪಟ್ಟೆಗಳು ಒಂದೇ ಒಂದು ತರಂಗಾಂತರದ ಬೆಳಕನ್ನು ಹಿಂದಿರುಗಿಸಿ ಉಳಿದುದನ್ನು ಮುಂದೆ ಬಿಡುತ್ತವೆ. ಎಳೆ ಹಿಗ್ಗಿದರೆ ಪಟ್ಟೆಗಳ ಅಂತರವೂ ಹಿಗ್ಗಿ, ಮರಳುವ ಬೆಳಕಿನ ತರಂಗಾಂತರ ಬದಲಾಗುತ್ತದೆ. 1550 ನ್ಯಾನೋಮೀಟರ್ ಬೆಳಕಿನಲ್ಲಿ ಎಳೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೂ ಸುಮಾರು 1.2 ಪಿಕೋಮೀಟರ್ ವ್ಯತ್ಯಾಸ ಕಾಣುತ್ತದೆ. ಒಂದು ನ್ಯಾನೋಮೀಟರಿನ ಸಾವಿರದ ಒಂದು ಭಾಗವೇ ಪಿಕೋಮೀಟರ್.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಇಂಥ ಮೂರು ಎಳೆಗಳನ್ನು ಅರ್ಧ ಮಿಲಿಮೀಟರ್ ದಪ್ಪದ ಕಡ್ಡಿಯ ಸುತ್ತ 120 ಡಿಗ್ರಿ ಅಂತರದಲ್ಲಿ ಅಂಟಿಸಿ, ಕಣ್ಣಿನ ಶಸ್ತ್ರಚಿಕಿತ್ಸೆಯ ಉಪಕರಣ ಸಿದ್ಧಪಡಿಸಿತು. 2009ರಲ್ಲಿ ಪ್ರಕಟಿಸಿದಂತೆ ಅದು 0.25 ಮಿಲಿನ್ಯೂಟನ್ ಬಲವನ್ನೂ ಗುರುತಿಸಬಲ್ಲದು.

ತಾಪಮಾನ ಮಾತ್ರ ಇದರ ದೊಡ್ಡ ಶತ್ರು. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ತರಂಗಾಂತರ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ತಂಪು ಕೊಠಡಿಯಿಂದ 37 ಡಿಗ್ರಿಯ ದೇಹದೊಳಗೆ ಇಳಿದ ಕೂಡಲೇ ಇಲ್ಲದ ಬಲ ಇದ್ದಂತೆ ತೋರಬಹುದು. ಮೂರು ಎಳೆಗಳ ಉಪಯೋಗ ಇಲ್ಲಿದೆ: ಶಾಖಕ್ಕೆ ಮೂರೂ ಒಂದೇ ಸಮನೆ ಬದಲಾಗುತ್ತವೆ, ಕಡ್ಡಿ ಬಾಗಿದರೆ ಒಂದು ಬದಿಯ ಎಳೆ ಹಿಗ್ಗಿ ಎದುರು ಬದಿಯದು ಕುಗ್ಗುತ್ತದೆ. ಸರಾಸರಿಯನ್ನು ಕಳೆದರೆ ಬಾಗುವಿಕೆಯಷ್ಟೇ ಉಳಿಯುತ್ತದೆ. ಆದರೆ ಕಡ್ಡಿಯನ್ನು ನೇರವಾಗಿ ಎಳೆದಾಗಲೂ ಮೂರೂ ಸಮನಾಗಿ ಹಿಗ್ಗುವುದರಿಂದ, ಅದನ್ನು ಶಾಖದಿಂದ ಬೇರ್ಪಡಿಸುವುದು ಇನ್ನಷ್ಟು ಕಷ್ಟ.

ರೋಗಿಗಳ ಮೇಲೆ ಈ ತಂತ್ರಜ್ಞಾನ ಪರೀಕ್ಷೆಗೊಳಗಾದದ್ದು ಹೃದಯದಲ್ಲಿ. ಲಯತಪ್ಪಿದ ಹೃದಯದ ಗೋಡೆಯನ್ನು ಅಲ್ಲಲ್ಲಿ ಸುಟ್ಟು ಸರಿಪಡಿಸುವಾಗ ಕ್ಯಾತಿಟರ್ ತುದಿ ಸಡಿಲವಾಗಿ ತಾಗಿದರೆ ರೋಗ ಮರುಕಳಿಸುತ್ತದೆ. ಬಿಗಿಯಾಗಿ ಒತ್ತಿದರೆ ಗೋಡೆಯೇ ತೂತಾಗಬಹುದು. ಜಿನೀವಾದ ಎಂಡೋಸೆನ್ಸ್ ಸಂಸ್ಥೆ ಮೂರು ಎಳೆಗಳ 'ಟ್ಯಾಕ್ಟಿಕ್ಯಾಥ್' ರೂಪಿಸಿತು. 2012ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನದಲ್ಲಿ, ಸರಾಸರಿ ಒತ್ತಡ 10 ಗ್ರಾಂಗಿಂತ ಕಡಿಮೆಯಿದ್ದ ಐವರಲ್ಲಿ ಐವರಿಗೂ ತೊಂದರೆ ಮರಳಿತು. 20 ಗ್ರಾಂ ಮೀರಿದ್ದ ಹತ್ತು ಮಂದಿಯಲ್ಲಿ ಎಂಟು ಮಂದಿ ವರ್ಷದ ನಂತರವೂ ಪಾರಾಗಿದ್ದರು. ಅಮೆರಿಕ 2014ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು. ಸ್ಪ್ರಿಂಗ್ ಮತ್ತು ಕಾಂತೀಯ ಸಂಕೇತ ಬಳಸುವ ಪ್ರತಿಸ್ಪರ್ಧಿ ಕ್ಯಾತಿಟರ್‌ಗೂ ಅದೇ ವರ್ಷ ಒಪ್ಪಿಗೆ ದೊರೆಯಿತು. ಗಾಜಿನ ಎಳೆಯೊಂದೇ ದಾರಿಯೇನೂ ಅಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ನಾಡಿಮಿಡಿತ, ಉಸಿರಾಟಗಳನ್ನು ಇದೇ ಬ್ರ್ಯಾಗ್ ಗ್ರೇಟಿಂಗ್‌ನಿಂದ ಅಳೆಯುವ ಸಂಶೋಧನೆ ನಡೆದಿದೆ. ಎಳೆ ದುಬಾರಿಯಲ್ಲ, ಮರಳಿದ ಬೆಳಕಿನ ಪಿಕೋಮೀಟರ್ ವ್ಯತ್ಯಾಸ ಓದುವ ಯಂತ್ರವೇ ದುಬಾರಿ. ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವಾಗ 120 ಡಿಗ್ರಿ ದಾಟುವ ಶಾಖವನ್ನು ಎಳೆ ಹಿಡಿದಿಟ್ಟ ಅಂಟು ಪದೇ ಪದೇ ತಾಳಿಕೊಳ್ಳಬೇಕು ಎಂಬುದು ಇನ್ನೊಂದು ತಲೆನೋವು.