ಒಬ್ಬರಿಗೆ ಮಾತ್ರ ಜಾಗವಿದ್ದ ಬಂಡಿ

ಎರಡು ಪಕ್ಕಗಾಲಿ ಕೂಡಿಸಿದ ಸ್ಕೂಟರಿನಲ್ಲಿ ಓಡಾಡುವ ಅಂಗವಿಕಲರನ್ನು ನಾವು ಈ ಮಹಾನಗರದಲ್ಲಿ ಕಾಣುತ್ತಲೇ ಇರುತ್ತೇವೆ. ಇಂಥ ವಾಹನಗಳ ಚರಿತ್ರೆಯಲ್ಲಿ ಬ್ರಿಟನ್ನಿನ ಇನ್ವಾಕಾರ್ ಬಂಡಿಯದು ವಿಚಿತ್ರವಾದ ಕಥೆ.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಬರ್ಟ್ ಗ್ರೀವ್ಸ್ ಎಂಬ ಇಂಜಿನಿಯರು, ನಡೆಯಲಾಗದ ತಮ್ಮ ಸೋದರ ಸಂಬಂಧಿ ಡೆರಿ ಪ್ರೆಸ್ಟನ್-ಕಾಬ್ ಅವರ ಗಾಲಿಕುರ್ಚಿಗೆ ಇಂಜಿನು ಕೂಡಿಸಿದರು. ಅದರಿಂದ ಬೆಳೆದದ್ದೇ ಈ ಮೂರು ಚಕ್ರದ ಬಂಡಿ. ಸರ್ಕಾರ ಇವನ್ನು ಕೊಂಡು, ಅಂಗವಿಕಲರಿಗೆ ಪುಕ್ಕಟೆಯಾಗಿ ಬಳಸಲು ಕೊಡುತ್ತಿತ್ತು. ಬಣ್ಣ ತಿಳಿನೀಲಿ; ದೂರದಿಂದಲೇ ಗುರುತು ಸಿಕ್ಕುತ್ತಿತ್ತು.

ಪುಕ್ಕಟೆ ಸಿಕ್ಕಿದ್ದಕ್ಕೆ ದೂರು ಹೇಳಬಾರದು ಎನ್ನುವವರು ನಮ್ಮಲ್ಲೂ ಉಂಟು. ಆದರೆ ಒಳಗಿದ್ದುದು ಒಂದೇ ಆಸನ. ಹೆಂಡತಿ, ಮಗು, ಯಾರನ್ನೂ ಕೂರಿಸುವಂತಿರಲಿಲ್ಲ. 1970ರ ದಶಕದ ಮಾದರಿಗೆ ಫೈಬರ್‌ಗ್ಲಾಸ್ ಮೈ, ಹಿಂದೆ ಸುಮಾರು 500 ಸಿ.ಸಿ. ಇಂಜಿನು, ಮುಂದೆ ಒಂದೇ ಚಕ್ರ. ಗಾಳಿ ಜೋರಾದರೆ ಬಂಡಿ ಓಲಾಡುತ್ತಿತ್ತು. ಬೆಂಕಿ ಹತ್ತಿದ್ದೂ ಉಂಟು. ದಾರಿಯಲ್ಲಿ ಕೆಟ್ಟು ನಿಂತರೆ ಇಳಿದು ತಳ್ಳುವ ಶಕ್ತಿಯಿಲ್ಲ, ತಳ್ಳಲು ಜೊತೆಗಾರನೂ ಇಲ್ಲ. ಇಂಜಿನು ಕೆಟ್ಟರೆ ನಮಗೆ ಹೊತ್ತಾಗುತ್ತದೆ, ಅಷ್ಟೆ. ಅವರು ರಸ್ತೆಯಲ್ಲೇ ಸೆರೆ.

ಬಳಸುವವರೇ ದನಿಯೆತ್ತಿದರು. ಇವುಗಳ ಬದಲು ಕಾರು ಕೊಡಬೇಕೆಂದು ಲೇಡಿ ಶಾರ್ಪ್ ಅವರ ವರದಿ 1974ರಲ್ಲಿ ಹೇಳಿತು. 1976ರಲ್ಲಿ ಓಡಾಟದ ಭತ್ಯೆ ಬಂತು. ಮರುವರ್ಷ, ಆ ಭತ್ಯೆಯಿಂದಲೇ ಕಾರು ಪಡೆಯಲು ನೆರವಾಗುವ ಮೋಟಬಿಲಿಟಿ ಸಂಸ್ಥೆ. ಆದರೂ ಹಳೆಯ ಬಂಡಿಗಳನ್ನು ಬಿಡಲೊಲ್ಲದವರಿದ್ದರು. ಅವು 2003ರ ಮಾರ್ಚ್ 31ರವರೆಗೂ ಓಡಿದವು. ಆಮೇಲೆ, ಸುರಕ್ಷತೆಯ ನಿಯಮಕ್ಕೆ ಹೊಂದವೆಂದು ಹಿಂದಕ್ಕೆ ಪಡೆದು, ಬಹುಪಾಲನ್ನು ಗುಜರಿಗೆ ಹಾಕಿದರು.