ಮುಪ್ಪಿನ ಪಾಲು

ಹುಮನಾಬಾದ್ ಸೀಮೆಯ ಬೇಮಳಖೇಡದಂಥ ಊರುಗಳಲ್ಲಿ ಹೊಲವಿದ್ದವರ ಮುಪ್ಪಿನ ಚಿಂತೆ ಕೊನೆಗೆ ಕಾಗದಕ್ಕೆ ಬಂದು ನಿಲ್ಲುತ್ತದೆ: ಪಹಣಿ ಯಾರ ಹೆಸರಿಗಿರಬೇಕು, ವಾಟ್ನಿ (ಪಾಲು) ಯಾವಾಗ ಆಗಬೇಕು, ಮೃತ್ಯುಪತ್ರ ಬರೆಯಬೇಕೋ ಬಕ್ಷೀಸ್ ಪತ್ರ ಮಾಡಿಕೊಡಬೇಕೋ. ಈ ಪ್ರಶ್ನೆಗಳು ನೋಂದಣಿ ಕಚೇರಿಗಳು ಬಂದ ಮೇಲೆ ಹುಟ್ಟಿದವಲ್ಲ. ಬಂಗಾಳದ ಸೀಮೆ ಬಿಟ್ಟರೆ ಭಾರತದ ಬಹುತೇಕ ಹಿಂದೂ ಕುಟುಂಬಗಳ ಆಸ್ತಿಯನ್ನು ಆಳಿದ ಮಿತಾಕ್ಷರಾ ರಚನೆಯಾದದ್ದು ಇದೇ ನೆರೆಯ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವದು. ಅದರ ದಾಯವಿಭಾಗವನ್ನು ನಾವು ಗಂಡುಮಕ್ಕಳ ಹಕ್ಕಿನ ಶಾಸ್ತ್ರವೆಂದೇ ಓದುತ್ತ ಬಂದಿದ್ದೇವೆ. ಅದು ಮುದುಕರ ಅನ್ನದ ಶಾಸ್ತ್ರವೂ ಹೌದು, ಮತ್ತು ಅದು ಮಕ್ಕಳ ಒಳ್ಳೆಯತನದ ಮೇಲಷ್ಟೇ ಭಾರ ಹಾಕಿ ಕೂತಿರಲಿಲ್ಲ.

ಬಂಗಾಳದ ಜೀಮೂತವಾಹನನ ದಾಯಭಾಗದ ಪ್ರಕಾರ ತಂದೆ ಕಣ್ಣುಮುಚ್ಚಿದ ಮೇಲೆಯೇ ಮಗನಿಗೆ ಹಕ್ಕು. ವಿಜ್ಞಾನೇಶ್ವರ ಅದನ್ನು ಹುಟ್ಟಿನಿಂದಲೇ ಕೊಟ್ಟ. ಹೀಗೆ ಕೊಟ್ಟದ್ದರಿಂದ ಪಿತ್ರಾರ್ಜಿತ ಹೊಲವನ್ನು ಒಬ್ಬರೇ ಮಾರಿ ಕೈತೊಳೆದುಕೊಳ್ಳುವ ದಾರಿ ಮುಚ್ಚಿತು. ಒಬ್ಬನೇ ಮಾರಬಹುದಾದ ಸಂದರ್ಭಗಳನ್ನು ಆತ ಮೂರಕ್ಕೆ ಇಳಿಸಿದ: ಆಪತ್ತು, ಕುಟುಂಬದ ಪೋಷಣೆ, ಧರ್ಮಕಾರ್ಯ. ಧರ್ಮಕಾರ್ಯವೆಂದರೆ ತಂದೆಯ ಶ್ರಾದ್ಧದಂಥ ತಪ್ಪಿಸಲಾಗದ ಕರ್ತವ್ಯವೆಂದು ಬಿಡಿಸಿ ಹೇಳಿದ. ಹಿರಿಯರ ಊಟ, ಔಷಧ, ಕೊನೆಗೆ ಅವರ ಉತ್ತರಕ್ರಿಯೆ, ಎಲ್ಲದರ ಹೊಣೆ ಹೊಲದ ಮೇಲೆಯೇ ಕೂತಿತು. ತಂದೆ ಸತ್ತ ಮೇಲೆ ಮಕ್ಕಳು ಪಾಲಾದರೆ ತಾಯಿಗೂ ಅವರಷ್ಟೇ ಪಾಲು ಎಂದದ್ದೂ ಇದೇ ಶಾಸ್ತ್ರ.

ಭೂಮಿ ಕೈಬದಲಾಗುವ ಬಗೆಯನ್ನು ಹೇಳುವ ಭಾಗವಂತೂ ಹತ್ತಿರದಿಂದ ನೋಡತಕ್ಕದ್ದು. ಊರು, ಜ್ಞಾತಿಗಳು, ಅಕ್ಕಪಕ್ಕದ ಹೊಲದವರು, ದಾಯಾದಿಗಳು, ಈ ನಾಲ್ವರ ಸಮ್ಮತಿಯ ಜೊತೆಗೆ ಚಿನ್ನ ಮತ್ತು ನೀರು ಕೊಡುವುದು: ಹೀಗೆ ಆರರಿಂದ ನೆಲ ಕೈಬದಲಾಗುತ್ತದೆ. ಊರಿನ ಒಪ್ಪಿಗೆ ಏಕೆ ಎಂಬುದಕ್ಕೆ ವಿಜ್ಞಾನೇಶ್ವರ ಕೊಡುವ ಕಾರಣ, ಕೊಟ್ಟದ್ದು ಎಲ್ಲರಿಗೂ ಗೊತ್ತಾಗಲಿ ಎಂಬುದು. ಪಕ್ಕದವರ ಒಪ್ಪಿಗೆ ಗಡಿ ಜಗಳ ತಪ್ಪಲಿ ಎಂದು. ಅಂಗೈಯಿಂದ ನೀರು ಬಿಟ್ಟು ಹೊಲ ಕೊಡುವ ಮುದುಕ ಏನು ಕೊಟ್ಟ, ಯಾರಿಗೆ ಕೊಟ್ಟ ಎಂಬುದಕ್ಕೆ ಊರೇ ಸಾಕ್ಷಿ.

ಹಿಂದಿನ ಕೂಡುಕುಟುಂಬದಲ್ಲಿ ಪ್ರೀತಿ ಇತ್ತು, ಕಾಯ್ದೆಯ ಮಾತೇ ಬೇಕಿರಲಿಲ್ಲ ಎನ್ನುವವರಿದ್ದಾರೆ. ಗ್ರಂಥವೇ ಇದನ್ನು ಒಪ್ಪುವುದಿಲ್ಲ. ತಂದೆ ಮುದುಕನಾದರೆ, ಬುದ್ಧಿ ಸ್ತಿಮಿತ ತಪ್ಪಿದರೆ, ದೀರ್ಘರೋಗಿಯಾದರೆ ಅವನಿಗೆ ಮನಸ್ಸಿಲ್ಲದಿದ್ದರೂ ಮಕ್ಕಳು ಪಾಲು ಕೇಳಬಹುದೆಂದು ಅದು ಹೇಳುತ್ತದೆ. ಒಂಬೈನೂರು ವರ್ಷಗಳ ಹಿಂದೆಯೂ ಆ ಒತ್ತಡ ಇದ್ದೇ ಇತ್ತು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಅವಿಭಕ್ತ ಮನೆಯಲ್ಲಿ ಗಂಡುಮಕ್ಕಳಿಲ್ಲದ ವಿಧವೆಗೆ ಈ ಶಾಸ್ತ್ರ ಜೀವನಾಂಶ ಬಿಟ್ಟು ಬೇರೇನೂ ಕೊಡಲಿಲ್ಲ, ಮಗಳನ್ನು ಹುಟ್ಟಿನ ಹಕ್ಕಿನಿಂದ ಹೊರಗಿಟ್ಟಿತು. ಅದು ನಿಜವಾದ ಅನ್ಯಾಯ. ಮಗಳ ಮಟ್ಟಿಗೆ ಅದನ್ನು ತಿದ್ದಲು ಕರ್ನಾಟಕಕ್ಕೆ 1994ರ, ದೇಶಕ್ಕೆ 2005ರ ತಿದ್ದುಪಡಿ ಬೇಕಾಯಿತು. ಆದರೆ ಮುಪ್ಪಿನಲ್ಲಿ ದಾನಕ್ಕೆ ಮಿತಿ ಬೇಕೆಂಬ ತಿಳಿವಳಿಕೆ ಒಂದೇ ಧರ್ಮದ್ದಲ್ಲ. ಬೀದರ್ ನಾಡಿನ ಮುಸ್ಲಿಮರ ಕಾನೂನಿನಲ್ಲೂ ಮರಣಕಾಯಿಲೆಯಲ್ಲಿ ಮಾಡಿದ ದಾನ, ವಾರಸುದಾರರ ಒಪ್ಪಿಗೆಯಿಲ್ಲದಿದ್ದರೆ, ಆಸ್ತಿಯ ಮೂರನೇ ಒಂದು ಭಾಗ ಮೀರುವಂತಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅವಿಭಕ್ತ ಆಸ್ತಿಯಲ್ಲಿನ ತನ್ನ ಪಾಲನ್ನೂ ಮೃತ್ಯುಪತ್ರದಲ್ಲಿ ಬರೆಯುವ ಅಧಿಕಾರ ಕೊಟ್ಟಿತು. ಸ್ವಂತ ಗಳಿಕೆಯ ಹೊಲವನ್ನಂತೂ ಈಗ ಒಂದು ಸಹಿಯಲ್ಲಿ ಮಗನ ಹೆಸರಿಗೆ ಮಾಡಬಹುದು. ಹಿರಿಯರ ಸ್ವಾತಂತ್ರ್ಯ ಹೆಚ್ಚಿತು, ಆದರೆ ಅವರದೇ ಮಮತೆಯ ಅಪಾಯದಿಂದ ಅವರನ್ನು ಕಾಯುತ್ತಿದ್ದ ತಡೆ ಸಡಿಲವಾಯಿತು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಈ ಬಿರುಕನ್ನು ಮುಚ್ಚಲು ಬಂದದ್ದು: ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ ರದ್ದಾಗಬಹುದು. ಆ ಷರತ್ತು ಇತ್ತೆಂದು ತೋರಿಸಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರಲ್ಲಿ ಒಬ್ಬ ತಾಯಿಗೆ ಆಸ್ತಿ ಮರಳಿ ಸಿಕ್ಕಿದಾಗ ಮಗ ಬರೆದುಕೊಟ್ಟಿದ್ದ ವಚನಪತ್ರ ನೆರವಿಗೆ ಬಂದಿತ್ತು. ಚಿಕಿತ್ಸೆಯ ಮಾತೂ ಹೀಗೆಯೇ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವುದನ್ನು 2018ರಲ್ಲಿ ಕೋರ್ಟು ಮಾನ್ಯ ಮಾಡಿತು, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಅದಕ್ಕೂ ಇಬ್ಬರು ಸಾಕ್ಷಿಗಳು ಬೇಕು.

ಷರತ್ತು ಬರೆಸುವುದು ಮಕ್ಕಳನ್ನು ಅನುಮಾನಿಸಿದಂತೆ ಎಂದು ಹಿಂಜರಿಯುವ ತಾಯಿತಂದೆಯರಿಗೆ ಕಲ್ಯಾಣದ ಈ ಪಂಡಿತನ ಮಾತು ಧೈರ್ಯ ಕೊಡಬೇಕು. ನೀರು ಬಿಡುವಾಗ ಊರನ್ನು ಕರೆದದ್ದು ಯಾರನ್ನೂ ಅವಮಾನಿಸಲಿಕ್ಕಲ್ಲ, ಕೊಟ್ಟ ಮಾತು ಎಲ್ಲರಿಗೂ ತಿಳಿದಿರಲಿ ಎಂದು. ಈಗ ಊರು ನಿಂತಿದ್ದ ಜಾಗದಲ್ಲಿ ಪತ್ರದ ಒಂದು ಸಾಲು ಇರಬೇಕು: ನಾವಿರುವ ತನಕ ಅನ್ನ, ಬಟ್ಟೆ, ಔಷಧ ಈ ಹೊಲದ ಮೇಲಿವೆ ಎಂಬ ಸಾಲು. ಅದನ್ನು ಬರೆಸದೆ ಸಹಿ ಹಾಕಬಾರದು.