ಸೋತ ಎರಡು ತಳಿಗಳಿಂದ ಗೆದ್ದ ಒಂದು ಕಾಫಿ

ಮಳೆಗಾಲದ ಕೊನೆಯಲ್ಲಿ ಮೂಡಿಗೆರೆ ಅಥವಾ ಕಳಸದ ಕಡೆಯ ಅರೇಬಿಕಾ ಕಾಫಿ ತೋಟವೊಂದಕ್ಕೆ ಹೋದರೆ ಕೆಲವು ಎಲೆಗಳನ್ನು ಮಗುಚಿ ನೋಡಿ. ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡು, ಮುಟ್ಟಿದಾಗ ಅದು ಬೆರಳಿಗೆ ಅಂಟಿದರೆ ಗಿಡಕ್ಕೆ ಎಲೆತುಕ್ಕು ರೋಗ ಬಂದಿದೆ ಎಂದರ್ಥ. ಆ ಪುಡಿ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಬೀಜಕಣಗಳ ರಾಶಿ. ಎಲೆಯ ಮೇಲೆ ನೀರಿನ ಹನಿ ನಿಂತಾಗ ಬೀಜಕಣ ಮೊಳೆತು, ಪತ್ರರಂಧ್ರದ ಮೂಲಕ ಒಳಹೊಕ್ಕು ಬೆಳೆಯುತ್ತದೆ. ಎಲೆಗಳು ಉದುರಿ ರೆಂಬೆ ಬರಿದಾಗುತ್ತದೆ. ಮುಂದಿನ ವರ್ಷದ ಫಸಲು ಕುಸಿಯುತ್ತದೆ.

ಈ ಶಿಲೀಂಧ್ರದೊಡನೆ ನಮ್ಮ ಮಲೆನಾಡಿನ ಬೆಳೆಗಾರರು ಮತ್ತು ವಿಜ್ಞಾನಿಗಳು ನಡೆಸಿದ ಹೋರಾಟಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಅದರಲ್ಲಿ ಸೋಲುಗಳೇ ಹೆಚ್ಚು. ಆದರೆ ಆ ಸೋಲುಗಳಿಂದಲೇ ಒಂದು ಒಳ್ಳೆಯ ತಳಿ ಹುಟ್ಟಿತು.

ಮೊದಲ ಸೋಲುಗಳು

ಬಾಬಾಬುಡನ್ ಏಳು ಕಾಫಿ ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದರು ಎಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ಅರೇಬಿಕಾ ಗಿಡ ಮುಖ್ಯವಾಗಿ ಸ್ವಕೀಯ ಪರಾಗಸ್ಪರ್ಶ ನಡೆಸುತ್ತದೆ. ಆದ್ದರಿಂದ ಕೆಲವೇ ಗಿಡಗಳಿಂದ ಹಬ್ಬಿದ ತೋಟದಲ್ಲಿ ಗಿಡಗಿಡಕ್ಕೂ ವ್ಯತ್ಯಾಸ ಕಡಿಮೆ. ಒಂದು ಗಿಡಕ್ಕೆ ಬಂದ ರೋಗ ಎಲ್ಲಕ್ಕೂ ಬರಬಲ್ಲದು.

1869ರಲ್ಲಿ ಸಿಲೋನಿನ (ಇಂದಿನ ಶ್ರೀಲಂಕಾ) ಮಾದರಿಗಳನ್ನು ನೋಡಿ ಬರ್ಕ್ಲಿ ಎಂಬ ಶಿಲೀಂಧ್ರತಜ್ಞರು ಈ ರೋಗಕಾರಕಕ್ಕೆ ಹೆಸರಿಟ್ಟರು. ಕೆಲವು ದಶಕಗಳಲ್ಲಿ ಅಲ್ಲಿನ ಕಾಫಿ ಉದ್ಯಮವೇ ಕುಸಿದು, ಚಹಾ ಅದರ ಜಾಗಕ್ಕೆ ಬಂತು. ಅದೇ ಸುಮಾರಿಗೆ ರೋಗ ದಕ್ಷಿಣ ಭಾರತಕ್ಕೂ ಬಂತು. ಚಿಕ್ಕಮಗಳೂರಿನ ಹೆಸರಿನಿಂದಲೇ 'ಚಿಕ್' ಎನಿಸಿಕೊಂಡಿದ್ದ ಹಳೆಯ ತಳಿ ಕಾಂಡಕೊರಕ ಹುಳು ಮತ್ತು ತುಕ್ಕುರೋಗಕ್ಕೆ ಸೋತಿತು. ಅದರ ಬದಲು ನೆಟ್ಟ 'ಕೂರ್ಗ್' ತಳಿಯೂ ತುಕ್ಕಿಗೆ ತುತ್ತಾಯಿತು.

1911ರಲ್ಲಿ ಎಲ್.ಪಿ. ಕೆಂಟ್ ಎಂಬ ಬೆಳೆಗಾರರು ಮೈಸೂರು ಸಂಸ್ಥಾನದ ತಮ್ಮ ತೋಟದಲ್ಲಿ ರೋಗವನ್ನು ತಡೆದುಕೊಂಡ ಗಿಡವೊಂದನ್ನು ಗುರುತಿಸಿದರು. ಅದರ ಸಂತತಿಯೇ 'ಕೆಂಟ್ಸ್' ತಳಿ. ಇಳುವರಿಯೂ ರುಚಿಯೂ ಚೆನ್ನಾಗಿದ್ದುದರಿಂದ ಅದು ಬೇಗ ಹರಡಿ ಪೂರ್ವ ಆಫ್ರಿಕಾವನ್ನೂ ತಲುಪಿತು. ಕೆಲವು ವರ್ಷಗಳ ನಂತರ ಕೆಂಟ್ಸ್ ಗಿಡಗಳ ಎಲೆಗಳಲ್ಲೂ ಕಿತ್ತಳೆ ಪುಡಿ ಕಾಣಿಸಿತು.

ಬದಲಾದದ್ದು ಯಾವುದು?

ಗಿಡ ನೆಟ್ಟು ಮೊದಲ ಫಸಲು ಕಾಣಲು ಮೂರು-ನಾಲ್ಕು ವರ್ಷ ಬೇಕು. ತಳಿ ಸೋತರೆ ಒಂದು ಕುಟುಂಬದ ವರ್ಷಗಳ ದುಡಿಮೆ ಹೋದಂತೆ. ತಳಿಯೇ ಕೆಟ್ಟಿತೆಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ 1925ರಲ್ಲಿ, ಮೈಸೂರು ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಗಿತ್ತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಅಲ್ಲಿನ ವಿಜ್ಞಾನಿ ಡಬ್ಲ್ಯು.ಡಬ್ಲ್ಯು. ಮೇನ್ ಬೇರೆ ಬೇರೆ ಮೂಲದ ಬೀಜಕಣಗಳನ್ನು ಬೇರೆ ಬೇರೆ ಗಿಡಗಳಿಗೆ ಸೋಂಕಿಸಿ ಹೋಲಿಸಿದರು. ಕೆಲವು ಬೀಜಕಣಗಳು ಕೆಂಟ್ಸ್ ಮೇಲೆ ಬೆಳೆಯಲಿಲ್ಲ. ಕೆಲವು ಸಲೀಸಾಗಿ ಬೆಳೆದವು. ನೋಡಲು ಒಂದೇ ಆದ ಶಿಲೀಂಧ್ರದಲ್ಲಿ ಬೇರೆ ಬೇರೆ 'ರೇಸ್'ಗಳಿವೆ ಎಂದು ಅವರು 1932ರಲ್ಲಿ ಪ್ರಕಟಿಸಿದರು.

ಅಂದರೆ ಕೆಂಟ್ಸ್ ಬದಲಾಗಿರಲಿಲ್ಲ. ಅದನ್ನು ಎದುರಿಸಬಲ್ಲ ರೇಸ್ ಹೆಚ್ಚಾಗಿತ್ತು. ತೋಟತೋಟವೂ ಒಂದೇ ತಳಿಯಿಂದ ತುಂಬಿದಾಗ ಆ ತಳಿಯ ಮೇಲೆ ಬದುಕಬಲ್ಲ ಶಿಲೀಂಧ್ರಕ್ಕೆ ಎಲ್ಲೆಲ್ಲೂ ಆಹಾರ ಸಿಗುತ್ತದೆ. ತಳಿಯ ಯಶಸ್ಸೇ ಅದರ ಸೋಲಿಗೆ ದಾರಿ ಮಾಡಿತ್ತು!

ಎರಡು ಕೊರತೆಗಳ ಕೂಡಿಕೆ

ಬಾಳೆಹೊನ್ನೂರಿನಲ್ಲಿ ಎಸ್.288 ಎಂಬ ಇನ್ನೊಂದು ತಳಿಯಿತ್ತು. ಅರೇಬಿಕಾ ಮತ್ತು ಲೈಬೀರಿಕಾ ಪ್ರಭೇದಗಳ ಸಹಜ ಸಂಕರದಿಂದ ಬಂದ ಗಿಡದ ಸಂತತಿ ಅದು. ಆಗ ಹಾವಳಿ ಮಾಡುತ್ತಿದ್ದ ರೇಸ್‌ಗಳನ್ನು ಅದು ತಡೆಯುತ್ತಿತ್ತು. ಆದರೆ ದೋಷಪೂರಿತ ಬೀಜಗಳು ಹೆಚ್ಚು. ಅರೇಬಿಕಾದಲ್ಲಿ 44 ವರ್ಣತಂತುಗಳು, ಲೈಬೀರಿಕಾದಲ್ಲಿ 22. ಇಂಥ ಕೂಡಿಕೆಯಲ್ಲಿ ಬೀಜ ಸರಿಯಾಗಿ ಕಟ್ಟದಿರುವುದು ಅಚ್ಚರಿಯಲ್ಲ.

ಒಂದಕ್ಕೆ ಗುಣಮಟ್ಟವಿತ್ತು, ನಿರೋಧಕತೆ ಹೋಗಿತ್ತು. ಇನ್ನೊಂದಕ್ಕೆ ನಿರೋಧಕತೆಯಿತ್ತು, ಗುಣಮಟ್ಟವಿರಲಿಲ್ಲ. ಎರಡನ್ನೂ ಕಿತ್ತೆಸೆಯದೆ ಒಂದರೊಡನೊಂದು ಸಂಕರಿಸಿ, ಸಂತತಿಯಲ್ಲಿ ಒಳ್ಳೆಯ ಗಿಡಗಳನ್ನು ಆರಿಸಿ ಪಡೆದದ್ದೇ ಎಸ್.795. 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಈ ತಳಿ ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ವ್ಯಾಪಕವಾಗಿದೆ. ಅದರ ನಿರೋಧಕತೆಯಲ್ಲಿ ಲೈಬೀರಿಕಾದಿಂದ ಬಂದ ಎಸ್‌ಎಚ್3 ಎಂಬ ಜೀನ್ ಮುಖ್ಯವೆಂದು ನಂತರದ ಸಂಶೋಧನೆ ತೋರಿಸಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಲಾನಂತರ ಹೊಸ ರೇಸ್‌ಗಳು ಎಸ್.795ಕ್ಕೂ ತಗುಲಿದವು. 1980ರ ದಶಕದಲ್ಲಿ ಬಂದ ಗಿಡ್ಡ ತಳಿ 'ಕಾವೇರಿ'ಯ ನಿರೋಧಕತೆಯೂ ಬಹುಕಾಲ ಉಳಿಯಲಿಲ್ಲ. 2007ರಲ್ಲಿ 'ಚಂದ್ರಗಿರಿ' ಬಂತು. ಆದ್ದರಿಂದಲೇ ಬೆಳೆಗಾರರು ತಳಿಯೊಂದನ್ನೇ ನಂಬದೆ ನೆರಳನ್ನು ಹದಗೊಳಿಸುತ್ತಾರೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ.

ಹೊಸ ತಳಿಯನ್ನು ರೂಪಿಸುವುದು ಸೃಜನಶೀಲ ಕೆಲಸ. ಅಲ್ಲಿ 'ಈ ತಳಿ ಸೋತಿತು' ಎಂಬಷ್ಟೇ ದಾಖಲೆ ಸಾಲದು. ಯಾವ ರೇಸ್‌ಗೆ ಸೋತಿತು, ಅದರಲ್ಲಿ ಉಳಿದಿರುವ ಒಳ್ಳೆಯ ಗುಣ ಯಾವುದು ಎಂಬುದೂ ಬೇಕು. ಮೇನ್ ಮೊದಲನೆಯದನ್ನು ಕೇಳಿದರು, ಎಸ್.795 ಎರಡನೆಯದಕ್ಕೆ ಸಿಕ್ಕ ಉತ್ತರ. ಪ್ರಯೋಗಾಲಯದಲ್ಲಿ ನಿರೀಕ್ಷಿತ ಫಲಿತಾಂಶ ಬಾರದಾಗ ವಿದ್ಯಾರ್ಥಿಗಳು ಪುಟವನ್ನು ಹರಿದೆಸೆಯುವುದುಂಟು. ಮುಂದಿನ ಸಲ ಶಿಕ್ಷಕರು ಆ ಪುಟವನ್ನು ಉಳಿಸಿಕೊಳ್ಳಲು ಹೇಳಿ, ಈ ಎರಡು ಪ್ರಶ್ನೆಗಳಿಗೆ ಅದರ ಕೆಳಗೆ ಉತ್ತರ ಬರೆಸಿ ನೋಡಲಿ.